ಕಂಪ್ಯೂಟರ್ ಕೋಣೆಯಲ್ಲಿ ಕತ್ತೆಯ ಕೂಗು

ಕಾಲೇಜಿನಲ್ಲಿ ಪಾಠ ಹೇಳುವವರಿಗೆಲ್ಲ ಒಂದು ರೋಗ ಇರುತ್ತದೆ. 'ಗೊತ್ತಿಲ್ಲ' ಎಂಬ ಮೂರಕ್ಷರದ ಪದ ಅವರ ಬಾಯಿಂದ ಹೊರಡುವುದಿಲ್ಲ. ದಾರಿಯಲ್ಲಿ ಯಾರಾದರೂ ಪೋಸ್ಟಾಫೀಸು ಎಲ್ಲಿ ಎಂದು ಕೇಳಿದರೆ, ಗೊತ್ತಿಲ್ಲದಿದ್ದರೂ ಒಂದು ದಿಕ್ಕಿಗೆ ಕೈ ತೋರಿಸಿಯೇ ತೀರುತ್ತೇವೆ. ಪಾಪ, ಆ ಮನುಷ್ಯ ನಡೆದು ನಡೆದು ಮೀನಿನ ಮಾರ್ಕೆಟ್ಟು ಸೇರುತ್ತಾನೆ. ನಾವು ಮಾತ್ರ ಒಬ್ಬರಿಗೆ ಜ್ಞಾನದಾನ ಮಾಡಿದ ತೃಪ್ತಿಯಲ್ಲಿ ಮನೆಗೆ ಬಂದು ಊಟ ಮಾಡುತ್ತೇವೆ. ನನಗೆ ಈ ರೋಗ ಸ್ವಲ್ಪ ಜೋರಾಗಿಯೇ ಇತ್ತು. ಇತಿಹಾಸ ನನ್ನ ವಿಷಯವಾದ್ದರಿಂದ, ನಾನು ಹೇಳಿದ್ದು ಸುಳ್ಳೆಂದು ಸಾಕ್ಷಿ ನುಡಿಯಲು ಆ ಕಾಲದವರು ಯಾರೂ ಎದ್ದು ಬರಲಾರರು ಎಂಬ ಧೈರ್ಯವೂ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಗೋವಾದ ಗಣಿಗಳ ಊರು ಡಿಚೋಲಿಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ.ದವರಿಗೆ ಪ್ರಾಚೀನ ಭಾರತದ ಇತಿಹಾಸ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದು ನನ್ನ ಮಾತು. ಅವರು ಕಲಿಯುತ್ತಿದ್ದರೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನ್ನ ತರಗತಿ ಮಧ್ಯಾಹ್ನ ಊಟವಾದ ಮೇಲೆ. ಮೀನುಸಾರು ಅನ್ನ ಉಂಡು ಬಂದ ಎಂಬತ್ತು ಜನ ಸಿಂಧೂ ಕಣಿವೆಯ ಚರಂಡಿ ವ್ಯವಸ್ಥೆಯ ಬಗ್ಗೆ ಕೇಳುತ್ತ ಎಚ್ಚರವಾಗಿರಬೇಕೆಂದು ನಿರೀಕ್ಷಿಸುವುದು ಕ್ರೌರ್ಯವೇ ಸರಿ. ಕಾಲೇಜಿನ ಎದುರಿನ ರಸ್ತೆಯಲ್ಲಿ ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಲಾರಿ ಹೋಗುವಾಗ ನನ್ನ ದನಿ ಕೇಳದೆ ನಾನು ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಪಾಠದಲ್ಲಿ ವಿದ್ಯಾರ್ಥಿಗಳಿಗೆ ಅತ್ಯಂತ ಹಿಡಿಸಿದ ಭಾಗ ಅದೇ ಎಂದು ಆಮೇಲೆ ತಿಳಿಯಿತು.

ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಒಂದೇ ಒಂದು. ಅದನ್ನು ಯಾವ ವಿಭಾಗಕ್ಕೆ ಕೊಡಬೇಕೆಂದು ಪ್ರಿನ್ಸಿಪಾಲ್ ಸರ್ದೇಸಾಯರು ಅಧ್ಯಾಪಕರ ಸಭೆ ಕರೆದರು. ಭೌತಶಾಸ್ತ್ರದವರು ನಮಗೆ ಬೇಕು ಅಂದರು. ರಸಾಯನಶಾಸ್ತ್ರದವರು, ಅವರಿಗೆ ಕೊಡುವುದಾದರೆ ನಮಗೆ ಕೊಡಿ ಅಂದರು. ಹತ್ತು ವರ್ಷದ ಹಿಂದೆ ಒಂದು ಗಾಜಿನ ಕಪಾಟಿನ ಸಲುವಾಗಿ ಹುಟ್ಟಿದ ಜಗಳ ಅದು, ಈಗ ಕಂಪ್ಯೂಟರಿನ ರೂಪದಲ್ಲಿ ಮುಂದುವರಿಯಿತು. ಅರ್ಧ ಗಂಟೆ ಕೇಳಿ ಬೇಸತ್ತ ಪ್ರಿನ್ಸಿಪಾಲರು, "ಇದನ್ನು ಮೊದಲೇ ನೋಡಿದವರು ಯಾರಾದರೂ ಇದ್ದೀರಾ?" ಎಂದು ಕೇಳಿದರು. ನಾನು ಕೈ ಎತ್ತಿ, "ಧಾರವಾಡದಲ್ಲಿ ನೋಡಿದ್ದೇನೆ" ಅಂದೆ. ಅದು ಅಕ್ಷರಶಃ ನಿಜ. ಬ್ಯಾಂಕಿನಲ್ಲಿ ಸರದಿಗೆ ನಿಂತಾಗ ಗಾಜಿನ ಆಚೆಗೆ ಅದರ ಬೆನ್ನನ್ನು ನೋಡಿದ್ದೆ. ಆದರೆ ಸರ್ದೇಸಾಯರ ಮುಖ ಅರಳಿತು. "ಮುಗಿಯಿತು! ಕುಲಕರ್ಣಿಬಾಬ್ ಇದ್ದಾರಲ್ಲ! ಇನ್ನು ಮೇಲೆ ಇತಿಹಾಸವನ್ನು ಕಂಪ್ಯೂಟರಿನಲ್ಲಿ ಕಲಿಸುತ್ತಾರೆ. ಇಡೀ ಗೋವಾದಲ್ಲಿ ನಾವೇ ಮೊದಲು" ಎಂದು ಘೋಷಿಸಿದರು. ನಾವೇ ಮೊದಲು ಹೌದೋ ಅಲ್ಲವೋ ಅವರಿಗೆ ಗೊತ್ತಿರಲಿಲ್ಲ. ಅವರೂ ಒಂದು ಕಾಲದಲ್ಲಿ ಪಾಠ ಹೇಳಿದವರೇ.

ಮನೆಯಲ್ಲಿ ಸುದ್ದಿ ಹೇಳಿದಾಗ ನನ್ನ ಹೆಂಡತಿ ಮಾಲತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ಮೊನ್ನೆ ಮಿಕ್ಸರ್ ಯಾಕ ತಿರಗವಲ್ದು ಅಂತ ಒಂದ ತಾಸು ಬಿಚ್ಚಿ ನೋಡಿದ್ರಿ. ಗ್ವಾಡಿ ಮ್ಯಾಗಿನ ಬಟನ್ನ ಹಾಕಿರಲಿಲ್ಲ. ನಿಮ್ಗ ಕಂಪ್ಯೂಟರ್ ಕೊಟ್ಟಾರ?" ಅಂದಳು. ಇತಿಹಾಸದ ಮಹತ್ತರ ತಿರುವುಗಳಲ್ಲಿ ಮನೆಯವರ ಬೆಂಬಲ ಸಿಗುವುದು ಅಪರೂಪ ಎಂದುಕೊಂಡು ಕೈಕಾಲು ತೊಳೆಯಲು ಹೋದೆ.

ಕಂಪ್ಯೂಟರಿಗೆಂದು ಒಂದು ಕೋಣೆ ಸಿದ್ಧವಾಯಿತು. ಡಿಚೋಲಿಯ ಕೆಂಪು ಧೂಳು ಒಳಗೆ ಬಂದರೆ ಯಂತ್ರ ಸತ್ತೇಹೋಗುತ್ತದೆ ಎಂದು ಅದನ್ನು ತಂದವರು ಹೆದರಿಸಿ ಹೋಗಿದ್ದರು. ಹಾಗಾಗಿ ಕಿಟಕಿಗಳಿಗೆ ಮೊಳೆ ಹೊಡೆದು ದಪ್ಪ ಪರದೆ ಬಿಟ್ಟರು. ಏರ್ ಕಂಡೀಷನರ್ ಬಂತು. ಪ್ರಿನ್ಸಿಪಾಲರ ಕೋಣೆಯಲ್ಲೂ ಇಲ್ಲದ ವೈಭವ. ಚಪ್ಪಲಿ, ಬೂಟು ಹೊರಗೆ ಬಿಟ್ಟು ಹೋಗಬೇಕು. ಎಂಬತ್ತು ಜನರನ್ನು ಎಂಟೆಂಟರ ತಂಡ ಮಾಡಿದೆ. ಮಳೆಯಲ್ಲಿ ನೆನೆದ ಎಂಟು ಜೊತೆ ಕಾಲುಚೀಲಗಳು ಒಂದು ಮುಚ್ಚಿದ ಕೋಣೆಯಲ್ಲಿ ಸೇರಿದರೆ ಏನಾಗುತ್ತದೆ ಎಂಬುದನ್ನು ಆ ಯಂತ್ರ ಮಾಡಿದವರು ಯೋಚಿಸಿದಂತಿರಲಿಲ್ಲ. ಮೊದಲ ದಿನವೇ ನಾನೊಂದು ಶೈಕ್ಷಣಿಕ ನಿರ್ಧಾರಕ್ಕೆ ಬಂದೆ: ವಿದ್ಯಾರ್ಥಿಗಳು ಸ್ವತಂತ್ರವಾಗಿ ಕಲಿಯಬೇಕು, ಅಧ್ಯಾಪಕರು ಹೊರಗೆ ಕುಳಿತಿರಬೇಕು.

ಪಾಠವೆಲ್ಲ ಒಂದು ಸಿಡಿಯಲ್ಲಿತ್ತು. ಯಾವುದೋ ಪರದೇಶದಲ್ಲಿ ಮಾಡಿದ್ದು. ಅದರಲ್ಲಿ ಮಾತಾಡುವ ಗಂಡಸು ನಮ್ಮ ಊರು, ನದಿ, ರಾಜಮನೆತನಗಳ ಹೆಸರನ್ನೆಲ್ಲ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನಂತೆ ಹೇಳುತ್ತಿದ್ದ. ಇಪ್ಪತ್ತು ವರ್ಷ ಗುಪ್ತರ ಬಗ್ಗೆ ಪಾಠ ಹೇಳಿದ ನನಗೇ ಅವನು ಹೇಳುತ್ತಿರುವುದು ಗುಪ್ತರ ಬಗ್ಗೆ ಎಂದು ತಿಳಿಯಲು ಹತ್ತು ನಿಮಿಷ ಬೇಕಾಯಿತು. ಪಾಠದ ಕೊನೆಗೆ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ. ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದರ ಮೇಲೆ ಒತ್ತಬೇಕು. ಒಬ್ಬೊಬ್ಬರೂ ತಮ್ಮ ಹೆಸರು ಬರೆದು ಪರೀಕ್ಷೆಗೆ ಕೂರಬೇಕು. ಒಂದು ಹೆಸರಿಗೆ ಒಂದೇ ಅವಕಾಶ.

ಈ ಯಂತ್ರವನ್ನು ಎರಡೇ ದಿನದಲ್ಲಿ ಪಳಗಿಸಿದವಳು ರೇಣುಕಾ. ಅವಳ ಅಪ್ಪ ಯಲ್ಲಪ್ಪ ಬಾದಾಮಿ ಕಡೆಯವನು, ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ನನ್ನ ಪಾಠ ನಿಲ್ಲಿಸುತ್ತಿದ್ದ ಲಾರಿಗಳಲ್ಲಿ ಅವನದೂ ಒಂದಿರಬೇಕು. ಎಂಬತ್ತು ಜನರಲ್ಲಿ ಎಚ್ಚರವಾಗಿದ್ದು ಪ್ರಶ್ನೆ ಕೇಳುತ್ತಿದ್ದವಳು ಇವಳೊಬ್ಬಳೇ. ಕೇಳುವುದೂ ಎಂಥ ಪ್ರಶ್ನೆ! "ಸರ್, ರಾಜರು ಯುದ್ಧಕ್ಕ ಹೋದಾಗ ಹೊಲಾ ಯಾರ ಉಳತಿದ್ರಿ?" ಅನ್ನುವಳು. ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳುವ ವಿದ್ಯಾರ್ಥಿಗಳ ಮೇಲೆ ನನಗೆ ಯಾವಾಗಲೂ ಭಯಭಕ್ತಿ. ಸಿಡಿ ಹಾಕುವುದು, ತೆಗೆಯುವುದು, ಯಂತ್ರ ಮುನಿಸಿಕೊಂಡಾಗ ಮತ್ತೆ ಶುರು ಮಾಡುವುದು ಎಲ್ಲ ಅವಳಿಗೆ ಒಪ್ಪಿಸಿ, ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಎಂಟು ಜೊತೆ ಚಪ್ಪಲಿ ಕಾಯುತ್ತ ಚಹಾ ಕುಡಿಯುತ್ತಿದ್ದೆ. "ಇದು ಪಾಠ ಅಂತ ಹೆದರಬೇಡಿ. ಆಟ ಅಂತ ತಿಳಿದು ಆಡುತ್ತ ಕಲಿಯಿರಿ" ಎಂದು ಒಳಗೆ ಹೋಗುವವರಿಗೆಲ್ಲ ಉಪದೇಶ ಮಾತ್ರ ತಪ್ಪದೆ ಮಾಡುತ್ತಿದ್ದೆ.

ಪವಾಡವೇ ನಡೆಯಿತು. ಒಳಗಿನಿಂದ ನಗು ಕೇಳತೊಡಗಿತು. ಇತಿಹಾಸದ ತರಗತಿಯಲ್ಲಿ ನಗು! ಗೈರುಹಾಜರಿ ನಿಂತೇಹೋಯಿತು. ಜ್ವರ ಬಂದವರೂ ಬಂದರು. ಸರದಿ ಇಲ್ಲದವರೂ ಬಂದು ನಿಂತರು. ನಡುನಡುವೆ ಒಳಗಿನಿಂದ ವಿಚಿತ್ರವಾದ ಒಂದು ಸದ್ದೂ ಬರುತ್ತಿತ್ತು. ಏರ್ ಕಂಡೀಷನರ್ ಹಳೆಯದಿರಬೇಕು ಅಂದುಕೊಂಡೆ. ಸರ್ದೇಸಾಯರು ಕಾರಿಡಾರಿನಲ್ಲಿ ನಿಂತು ಕಿವಿಯಾರೆ ಕೇಳಿ, "ಏನು ಉತ್ಸಾಹ, ಕುಲಕರ್ಣಿಬಾಬ್!" ಎಂದು ನನ್ನ ಬೆನ್ನು ತಟ್ಟಿದರು. ಹೊಗಳಿಕೆ ನೆತ್ತಿಗೇರಿದರೆ ಮನುಷ್ಯ ಏನು ಬೇಕಾದರೂ ಅನ್ನುತ್ತಾನೆ. ನಾನಂದೆ: "ಸರ್, ಈ ಸಲ ಇಂಟರ್ನಲ್ ಅಂಕಗಳನ್ನೂ ಕಂಪ್ಯೂಟರೇ ಕೊಡಲಿ. ಮನುಷ್ಯನಿಗೆ ರಾಗದ್ವೇಷ ಇರುತ್ತದೆ, ಯಂತ್ರಕ್ಕಿಲ್ಲ." ಎಂಬತ್ತು ಉತ್ತರಪತ್ರಿಕೆ ತಿದ್ದುವ ಕೆಲಸ ತಪ್ಪುತ್ತದೆ ಎಂಬ ಒಳ ಯೋಚನೆಯನ್ನು ಹೇಳಲಿಲ್ಲ. ಸರ್ದೇಸಾಯರು ಅದನ್ನು ಅಂದೇ ನಿಯಮ ಮಾಡಿ ಸಹಿ ಹಾಕಿದರು. ಆ ಹೊತ್ತಿಗೆ ಎಲ್ಲ ತಂಡಗಳೂ ಪರೀಕ್ಷೆ ಮುಗಿಸಿದ್ದವು.

ಮರುದಿನ ಪ್ರಿಂಟರ್ ಚರ್ ಚರ್ ಎಂದು, ಒಬ್ಬೊಬ್ಬರು ಒತ್ತಿದ ಉತ್ತರಗಳೂ ಅಂಕಗಳೂ ಇದ್ದ ಉದ್ದನೆಯ ಕಾಗದ ಕಕ್ಕಿತು. ಇಪ್ಪತ್ತಕ್ಕೆ ಎರಡು. ಇಪ್ಪತ್ತಕ್ಕೆ ಒಂದು. ಇಪ್ಪತ್ತಕ್ಕೆ ಮೂರು. ಇಡೀ ತರಗತಿಗೆ ಅತಿ ಹೆಚ್ಚು ಅಂಕ ಆರು. ಅದನ್ನು ಪಡೆದವನು ಸಂದೇಶ, ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಹುಡುಗ. ಅತಿ ಕಡಿಮೆ, ರೇಣುಕಾ. ಸೊನ್ನೆ.

ಅವಳನ್ನು ಕರೆಸಿದೆ. ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಳು.

"ಏನಿದು ರೇಣುಕಾ? ಸಿಂಧೂ ಕಣಿವೆ ನೈಲ್ ನದಿ ದಂಡಿ ಮ್ಯಾಗ ಐತೇನು?"

"ಇಲ್ರಿ ಸರ್."

"ಮತ್ತ ಅದನ್ನ ಯಾಕ ಒತ್ತಿದಿ?"

ಅವಳು ಸೆರಗಿನ ತುದಿ ತಿರುವುತ್ತ, "ಕತ್ತಿ ಸಲುವಾಗ್ರಿ" ಅಂದಳು.

ಆಗ ತಿಳಿಯಿತು. ಸರಿಯುತ್ತರ ಒತ್ತಿದರೆ ಆ ಯಂತ್ರ ಟಿಂಗ್ ಎಂದು ಸಪ್ಪೆಯಾಗಿ ಒಂದು ಸದ್ದು ಮಾಡುತ್ತಿತ್ತಂತೆ, ಅಷ್ಟೆ. ತಪ್ಪು ಉತ್ತರ ಒತ್ತಿದರೆ ಪರದೆಯ ಮೂಲೆಯಿಂದ ಒಂದು ಕತ್ತೆ ಬಂದು, ಕಿವಿ ಅಲ್ಲಾಡಿಸಿ, ಹಲ್ಲು ತೋರಿಸಿ, ಕೋಣೆ ನಡುಗುವಂತೆ ಕೂಗುತ್ತಿತ್ತಂತೆ. ತರಗತಿಯಲ್ಲಿ ಕತ್ತೆ ಎಂಬ ಪದವನ್ನು ಬಳಸುವ ಅಧಿಕಾರ ಅಲ್ಲಿಯವರೆಗೆ ನನಗೊಬ್ಬನಿಗೇ ಇತ್ತು, ಆದರೆ ನಾನು ಕೂಗಿ ತೋರಿಸುತ್ತಿರಲಿಲ್ಲ. ಹುಡುಗರಿಗೆ ಆ ಕತ್ತೆಯ ಹುಚ್ಚು ಹಿಡಿದಿತ್ತು.

"ಎಲ್ಲಾರೂ ಕೂಡಿ ಪೈಜ ಕಟ್ಟಿದ್ರಿ ಸರ್, ಇಪ್ಪತ್ತೂ ಸಲ ಒದರಿಸಿ ತೋರಿಸು ಅಂತ. ಬ್ಯಾರೆಯವ್ರಿಗೆ ಆಗಲಿಲ್ರಿ. ನಡುವ ಒಂದೆರಡು ತಪ್ಪಿ ಸರಿ ಆಗಿಬಿಡ್ತಿದ್ವು. ನನಗ ಎಲ್ಲಾ ಉತ್ತರ ಗೊತ್ತಿದ್ವಲ್ರಿ, ಅದಕ್ಕ ಇಪ್ಪತ್ತೂ ತಪ್ಪಾದ್ವು. ನೀವ ಹೇಳಿದ್ರಿ, ಇದು ಆಟ ಐತಿ, ಆಡ್ರಿ ಅಂತ."

ಮಾತು ನಿಜವಾಗಿತ್ತು. ಆಟ ಎಂದವನೂ ನಾನೇ, ಆಡಿ ಮುಗಿದ ಮೇಲೆ ಅದನ್ನು ಪರೀಕ್ಷೆಯಾಗಿಸಿದವನೂ ನಾನೇ. ನಾನು ಕಾಗದ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

"ಸರ್, ಈ ಹುಡುಗಿಗೆ ಸೊನ್ನೆ ಬಂದಿದೆ. ಇದರರ್ಥ ಅವಳಿಗೆ ಎಲ್ಲವೂ ಗೊತ್ತಿದೆ. ಎಲ್ಲ ಉತ್ತರ ಗೊತ್ತಿದ್ದವರಿಗೆ ಮಾತ್ರ ಎಲ್ಲವನ್ನೂ ತಪ್ಪು ಮಾಡಲು ಸಾಧ್ಯ."

ಸರ್ದೇಸಾಯರು ಕನ್ನಡಕ ತೆಗೆದು ಒರೆಸಿದರು. "ಅಂದರೆ ಸೊನ್ನೆಗೆ ಇಪ್ಪತ್ತು ಅಂಕ ಕೊಡಲೇ? ಹಾಗಾದರೆ ಆರು ಬಂದವನಿಗೆ ಎಷ್ಟು ಕೊಡಬೇಕು? ಹದಿನಾಲ್ಕೋ, ಅಥವಾ ಮೂರ್ಖ ಅಂತ ಒಂದು ಪ್ರಮಾಣಪತ್ರವೋ? ಕುಲಕರ್ಣಿಬಾಬ್, ಯಂತ್ರಕ್ಕೆ ರಾಗದ್ವೇಷ ಇಲ್ಲ ಅಂದವರು ನೀವು. ನಾನು ಸಹಿ ಹಾಕಿಯಾಗಿದೆ. ಮುಂದಿನ ವಾರ ವಿಶ್ವವಿದ್ಯಾಲಯದಿಂದ ಸಮಿತಿ ಬರುತ್ತಿದೆ, ನಮ್ಮ ಕಂಪ್ಯೂಟರ್ ಪಾಠ ನೋಡಲೆಂದೇ. ಈಗ ಕತ್ತೆಯ ಕತೆ ಹೇಳಲೇ ನಾನು ಅವರಿಗೆ?"

ಎರಡು ದಿನ ಬಿಟ್ಟು ಯಲ್ಲಪ್ಪ ಬಂದ. ಮೈಮೇಲೆಲ್ಲ ಅದಿರಿನ ಕೆಂಪು. ಕುರ್ಚಿ ತೋರಿಸಿದರೂ, ಬಟ್ಟೆಯ ಕೆಂಪು ಅಂಟೀತು ಎಂದು ಕೂರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಮಗಳ ಹೆಸರಿನ ಮುಂದಿನ ಸೊನ್ನೆಯನ್ನು ಯಾರೋ ಅವನಿಗೆ ತೋರಿಸಿದ್ದರು.

"ಸಾಹೇಬ್ರ, ನನ್ನ ಮಗಳು ಶಾಣ್ಯಾಕಿ ಅಂತ ಊರ ತುಂಬ ಹೇಳ್ಕೊಂಡ ಅಡ್ಡಾಡಿದ್ದೆ. ಹೋಗಲಿ ಬಿಡ್ರಿ. ಸಾಂಖಳಿಯಾಗ ಗೋಡಂಬಿ ಫ್ಯಾಕ್ಟರಿಯವ್ರು ಹೆಣಮಕ್ಳನ್ನ ತಗೋಳಾಕತ್ತಾರಂತ. ಬರೂ ತಿಂಗಳದಿಂದ ಕಳಸ್ತೀನಿ."

"ಯಲ್ಲಪ್ಪಾ, ಅವಸರ ಮಾಡಬ್ಯಾಡೋ. ಆಕಿ ಭಾಳ ಶಾಣ್ಯಾಕಿ. ಇದು ಮಶೀನಿನ ತಪ್ಪು."

ಅವನು ನನ್ನನ್ನು ಕನಿಕರದಿಂದ ನೋಡಿದ. "ಮಶೀನ್ ತಪ್ಪ ಮಾಡೂದಿಲ್ರಿ ಸಾಹೇಬ್ರ. ನಾವು ದಿನಾ ಲಾರಿ ತೂಕದ ಕಾಟಾದ ಮ್ಯಾಗ ನಿಲ್ಲಸ್ತೀವಿ. ಎಷ್ಟ ಮಾಲ ಐತಿ ಅಂತ ಅದು ಹೇಳಿದ್ದ ಖರೇ. ಅದರ ಜೋಡಿ ಜಗಳಾ ಮಾಡಿ ಗೆದ್ದಾವ ಯಾವನೂ ಇಲ್ಲ."

ಯಂತ್ರದ ನಿಷ್ಪಕ್ಷಪಾತದ ಬಗ್ಗೆ ನಾನು ಪ್ರಿನ್ಸಿಪಾಲರ ಮುಂದೆ ಮಾಡಿದ ಭಾಷಣವನ್ನೇ ಆತ ಎರಡು ಸಾಲಿನಲ್ಲಿ, ನನಗಿಂತ ಚೆನ್ನಾಗಿ ಹೇಳಿ ಹೋದ. ಅಂದು ನನಗೆ ಊಟ ಸೇರಲಿಲ್ಲ. ಮಾಲತಿಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಸಮಿತಿ ಮುಂದ ಬಾಯಿ ಬಿಟ್ಟ ಹೇಳ್ರಿ, ತಪ್ಪ ನಂದು ಅಂತ. ಆ ಹುಡುಗಿ ಓದು ನಿಂತ್ರ ಆ ಪಾಪ ನಿಮ್ಗ" ಅಂದಳು. ನಾನು ಒಪ್ಪಿದೆ. ಒಂದು ಹಾಳೆ ತುಂಬ ಭಾಷಣ ಬರೆದು, ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಸಮಿತಿಯಲ್ಲಿ ಮೂವರು. ಅಧ್ಯಕ್ಷೆ ಬಿಳಿಗೂದಲಿನ ಹಿರಿಯ ಹೆಂಗಸು, ಗಣಿತದವರು. ಮೂವರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಸಿಡಿ ಹಾಕಲು ರೇಣುಕಾ ನಿಂತಿದ್ದಳು. ಸರ್ದೇಸಾಯರು ನನ್ನನ್ನು "ನಮ್ಮ ಕಂಪ್ಯೂಟರ್ ತಜ್ಞರು" ಎಂದು ಪರಿಚಯಿಸಿದರು. ನಾನು ಗಂಟಲು ಸರಿಮಾಡಿಕೊಂಡು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಧ್ಯಕ್ಷೆ, "ಭಾಷಣ ಬೇಡ. ನೀವೇ ಒಂದು ಸಲ ಪರೀಕ್ಷೆ ತೆಗೆದುಕೊಂಡು ತೋರಿಸಿ" ಅಂದರು. 'ನನಗೆ ಗೊತ್ತಿಲ್ಲ' ಅನ್ನುವುದಕ್ಕೆ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಸಂದರ್ಭ ಬಂದಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ನನ್ನ ಹೆಸರು ಬರೆಯಲು ಮೂರು ನಿಮಿಷ ಹಿಡಿಯಿತು. ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸದೆ ಚೆಲ್ಲಾಪಿಲ್ಲಿ ಎಸೆದವನ ಮೇಲೆ ಸಿಟ್ಟು ಬಂತು. ಆಮೇಲೆ ಮೊದಲ ಪ್ರಶ್ನೆ. ಉತ್ತರ ನನಗೆ ನಿದ್ದೆಯಲ್ಲಿಯೂ ಗೊತ್ತು. ಆದರೆ ಪರದೆಯ ಮೇಲಿನ ಬಾಣವನ್ನು ಉತ್ತರದ ಮೇಲೆ ತಂದು ನಿಲ್ಲಿಸಬೇಕಲ್ಲ! ಕೈಯಲ್ಲಿನ ಮೌಸನ್ನು ಎಡಕ್ಕೆ ತಳ್ಳಿದರೆ ಬಾಣ ಮೇಲಕ್ಕೆ ಹಾರುತ್ತಿತ್ತು. ತಳ್ಳುತ್ತ ತಳ್ಳುತ್ತ ಮೇಜಿನ ಅಂಚು ಬಂದು ಮೌಸು ಕೆಳಗೆ ಜೋತಾಡಿತು. ಪ್ರತಿ ಪ್ರಶ್ನೆಗೂ ಅರ್ಧ ನಿಮಿಷದ ಗಡುವು ಇತ್ತೆಂಬುದು ಆಗ ತಿಳಿಯಿತು. ಗಡುವು ಮೀರಿತು. ಕತ್ತೆ ಬಂದು ಕಿವಿ ಅಲ್ಲಾಡಿಸಿ ಕೂಗಿತು.

"ಸರ್, ಎಡಗಡಿ ಬಟನ್ ಒತ್ರಿ" ಎಂದು ರೇಣುಕಾ ಪಿಸುಗುಟ್ಟಿದಳು. ನಾನು ಬಲಗಡೆಯದು ಒತ್ತಿದೆ. ಕತ್ತೆ ಕೂಗಿತು. "ಸಾವಕಾಶ್ರಿ ಸರ್." ಗಡಿಬಿಡಿಯಲ್ಲಿ ಎರಡು ಸಲ ಒತ್ತಿದೆ. ಈ ಪ್ರಶ್ನೆಗೂ ಕೂಗಿತು, ಕಣ್ಣಿಗೇ ಬೀಳದ ಮುಂದಿನ ಪ್ರಶ್ನೆಗೂ ಕೂಗಿತು. ಮೌರ್ಯರಿಗೆ ಒಂದು, ಕುಶಾನರಿಗೆ ಒಂದು, ಚಾಲುಕ್ಯರಿಗೆ ಎರಡು ಎಂದು ನನ್ನ ಪ್ರೀತಿಯ ರಾಜಮನೆತನಗಳೆಲ್ಲ ಒಂದೊಂದಾಗಿ ಕತ್ತೆಯ ಪಾಲಾದವು. ಏರ್ ಕಂಡೀಷನರಿನ ಚಳಿಯಲ್ಲೂ ನನ್ನ ಅಂಗಿ ಬೆನ್ನಿಗಂಟಿತ್ತು. ಸರ್ದೇಸಾಯರು ಪರದೆಯ ಕಡೆ ನೋಡುವುದನ್ನು ಬಿಟ್ಟು ಗೋಡೆಯ ಕ್ಯಾಲೆಂಡರನ್ನು ಆಳವಾಗಿ ಅಧ್ಯಯನ ಮಾಡುತ್ತಿದ್ದರು. ಕೊನೆಗೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: ಕುಲಕರ್ಣಿ, ಇಪ್ಪತ್ತಕ್ಕೆ ಮೂರು.

ಅಧ್ಯಕ್ಷೆ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅತ್ತದ್ದಲ್ಲ. "ನೀವು ಇತಿಹಾಸ ಕಲಿಸಲು ಶುರು ಮಾಡಿ ಎಷ್ಟು ವರ್ಷವಾಯಿತು?" ಎಂದು ಕೇಳಿದರು. ಇಪ್ಪತ್ತು ಅಂದೆ. "ಇಪ್ಪತ್ತು ವರ್ಷ ಕಲಿಸಿದವರಿಗೆ ಮೂರು ಬರುವುದಾದರೆ ಇದು ಅಳೆಯುತ್ತಿರುವುದು ಇತಿಹಾಸವನ್ನಲ್ಲ" ಎಂದು ಹೇಳಿ, ಕಂಪ್ಯೂಟರನ್ನು ಚಿತ್ರ ತೋರಿಸಲು ಮಾತ್ರ ಬಳಸಬೇಕು, ಅದು ಕೊಟ್ಟ ಅಂಕಗಳನ್ನು ರದ್ದು ಮಾಡಿ ಅಧ್ಯಾಪಕರೇ ಹಳೆಯ ರೀತಿಯಲ್ಲಿ ಪರೀಕ್ಷೆ ನಡೆಸಬೇಕು ಎಂದು ಅಲ್ಲೇ ಬರೆದು ಕೊಟ್ಟರು. ನನ್ನ ಭಾಷಣ ಜೇಬಿನಲ್ಲೇ ಬೆವರಿಗೆ ನೆನೆದು ಮುದ್ದೆಯಾಗಿತ್ತು.

ಮರು ವಾರ ಕಾಗದ, ಪೆನ್ನಿನ ಪರೀಕ್ಷೆ ನಡೆಯಿತು. ಎಂಬತ್ತು ಉತ್ತರಪತ್ರಿಕೆಗಳನ್ನು ತಿದ್ದಿದೆ. ರೇಣುಕಾಗೆ ಹದಿನೆಂಟು ಬಂತು. ಸಂದೇಶನಿಗೆ ಮತ್ತೆ ಆರು. ಅವನು ಮಾತ್ರ ಯಾವ ತಂತ್ರಜ್ಞಾನಕ್ಕೂ ಜಗ್ಗದೆ ಸ್ಥಿರವಾಗಿದ್ದ.

ಅದಾದ ಮೇಲೆ ಕಾಲೇಜಿನಲ್ಲಿ ಒಂದು ಬದಲಾವಣೆ ಕಂಡೆ. ವಿದ್ಯಾರ್ಥಿಗಳು ನನಗೆ ಎದ್ದು ನಿಂತು ನಮಸ್ಕಾರ ಮಾಡತೊಡಗಿದರು. ಲಾರಿ ಹೋಗದಿದ್ದಾಗಲೂ ಪಾಠ ಕೇಳಿದರು. ಏನು ಕಾರಣವೆಂದು ತಿಳಿಯದೆ ರೇಣುಕಾಳನ್ನು ಕೇಳಿದೆ.

"ನೀವು ನಮ್ಮ ಸಲುವಾಗಿ ಬೇಕಂತನ ಫೇಲ್ ಆದ್ರಿ ಅಂತ ಎಲ್ಲಾರಿಗೂ ಹೇಳೇನ್ರಿ ಸರ್."

"ಏ ಹುಚ್ಚಿ! ನೀನು ಬಾಜೂಕ ನಿಂತ ನೋಡಿಲ್ಲೇನು?"

"ನೋಡೇನ್ರಿ. ಎಲ್ಲಾ ಗೊತ್ತಿದ್ದವ್ರಿಗೆ ಅಷ್ಟ ಎಲ್ಲಾ ತಪ್ಪು ಮಾಡಾಕ ಬರ್ತೈತಿ ಅಂತ ನೀವ ಪ್ರಿನ್ಸಿಪಾಲ್ ಸರ್‌ಗೆ ಹೇಳಿದ್ರಂತಲ್ರಿ."

"ಮತ್ತ ನನಗ ಮೂರು ಸರಿ ಬಂದಾವಲ್ಲ?"

"ಅವು ತಪ್ಪಿ ಬಂದಾವ್ರಿ ಸರ್. ನಿಮ್ಗ ಮೌಸ್ ಬರೂದಿಲ್ಲಲ್ರಿ" ಅಂದಳು. ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. ಅವಳು ಅದನ್ನು ನಂಬಿದ್ದಳೋ, ನನ್ನ ಮಾನ ಕಾಯುತ್ತಿದ್ದಳೋ, ಇಂದಿಗೂ ಹೇಳಲಾರೆ.

ಮರುದಿನ ಯಲ್ಲಪ್ಪ ಬಂದ, ಈ ಸಲ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು. ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ. "ಸಾಹೇಬ್ರ, ಬಡವ್ರ ಮಕ್ಕಳ ಸಲುವಾಗಿ ಅಷ್ಟ ದೊಡ್ಡ ಮಂದಿ ಮುಂದ ನೀವು ಮಾನಾ ಕಳಕೊಂಡ್ರಿ. ಯಾರ ಮಾಡ್ತಾರ್ರಿ ಈ ಕಾಲದಾಗ? ಆಕಿನ್ನ ಇನ್ನ ಓದಸ್ತೀನ್ರಿ, ಎಷ್ಟ ಓದತಾಳೋ ಅಷ್ಟ" ಎಂದು ಕೈಮುಗಿದ. ಅವನ ಕಣ್ಣುಗಳು ತುಂಬಿದ್ದವು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಇರಲಿ ಬಿಡು ಯಲ್ಲಪ್ಪಾ, ಅದೇನ ದೊಡ್ಡ ಮಾತಲ್ಲ" ಎಂಬ ಮಾತು ಹೊರಗೆ ಬಂತು. ಅದೂ ಎಷ್ಟು ವಿನಯದಿಂದ ಬಂತೆಂದರೆ, ಒಂದು ಕ್ಷಣ ನನಗೇ ನನ್ನ ಬಗ್ಗೆ ಗೌರವ ಮೂಡಿತು.

ಪರದೇಶದ ಸಿಡಿಯಲ್ಲಿ ಇರಲಿಲ್ಲವೆಂದು ಬಿಟ್ಟುಹೋಗಿದ್ದ ಒಂದು ಅಧ್ಯಾಯವನ್ನು ಆ ವಾರ ಕಲಿಸಬೇಕಾಗಿತ್ತು: ಇತಿಹಾಸದ ಆಕರಗಳು. ಶಾಸನಗಳಲ್ಲಿ ರಾಜರ ತ್ಯಾಗ, ಪರಾಕ್ರಮಗಳ ಬಗ್ಗೆ ಬರೆದದ್ದನ್ನು ಇದ್ದ ಹಾಗೇ ನಂಬಬಾರದು, ಬರೆದವರು ಯಾರು, ಯಾಕೆ ಬರೆದರು, ಹೊಗಳಿಸಿಕೊಂಡವನು ಯಾಕೆ ಸುಮ್ಮನಿದ್ದ ಎಂದು ವಿಚಾರಿಸಬೇಕು ಎಂಬುದು ಅದರ ಸಾರ. ಪ್ರತಿ ವರ್ಷ ಅದನ್ನು ಉದಾಹರಣೆ ಕೊಟ್ಟು, ಮೇಜು ಕುಟ್ಟಿ, ಮೂರು ದಿನ ಕಲಿಸುತ್ತಿದ್ದೆ. ಆ ವರ್ಷ ಎಂಬತ್ತು ಜನ ಪೂರ್ತಿ ಎಚ್ಚರವಾಗಿ, ಭಕ್ತಿಯಿಂದ ನನ್ನನ್ನೇ ನೋಡುತ್ತ ಕುಳಿತಿದ್ದರು. ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಅಧ್ಯಾಯಕ್ಕೆ ಹೋದೆ.